ತಿಪ್ಪೆಯ ಲೆಕ್ಕ: ವರವು ಕಾವಲಿನ ಸುತ್ತ ಸಾವಯವ ಕೃಷಿ



ಸಾವಯವಕ್ಕೆ ಹೊರಳುವ ರೈತನಿಗೆ ಏನೇನು ನೆರವಿದೆ ಎಂಬುದು ನನಗೆ ಒಪ್ಪಿಸಿದ ವಿಷಯ. ಅದನ್ನು ಹೇಳುತ್ತೇನೆ. ಅವನ ಕೈಯಿಂದ ಏನು ಹೋಯಿತು ಎಂಬುದನ್ನೂ ಹೇಳದಿದ್ದರೆ ಲೆಕ್ಕ ಅರ್ಧವಾಗುತ್ತದೆ.

ಕರ್ನಾಟಕ 2004ರಲ್ಲೇ ಸಾವಯವ ಕೃಷಿ ನೀತಿ ತಂದ ರಾಜ್ಯ. ಆಮೇಲೆ ಸಾವಯವ ಗ್ರಾಮ ಯೋಜನೆ ಬಂತು, ಸಾವಯವ ಭಾಗ್ಯ ಬಂತು. ಕೇಂದ್ರದ ಪರಂಪರಾಗತ ಕೃಷಿ ವಿಕಾಸ ಯೋಜನೆ 2015ರಲ್ಲಿ ಶುರುವಾದಾಗ ಮೂರು ವರ್ಷಕ್ಕೆ ಹೆಕ್ಟೇರಿಗೆ 50,000 ರೂಪಾಯಿ ಇತ್ತು. ಈಚೆಗೆ ಅದು 31,500ಕ್ಕೆ ಇಳಿಯಿತು. ಅದರಲ್ಲಿ ಪರಿಕರಕ್ಕೆಂದು ರೈತನ ಖಾತೆಗೆ ಬರುವುದು 15,000. ಎಕರೆಗೆ, ವರ್ಷಕ್ಕೆ ಭಾಗಿಸಿ ನೋಡಿ: ಸುಮಾರು 2,000 ರೂಪಾಯಿ.

ಇನ್ನು ಗೊಬ್ಬರದ ಲೆಕ್ಕ. ನಮ್ಮ ಚಳ್ಳಕೆರೆ ಮೊಳಕಾಲ್ಮುರು ಸೀಮೆಯ ಮಸಾರಿ ನೆಲದ ಶೇಂಗಾಕ್ಕೆ ಎಕರೆಗೆ ಮೂರು ಟನ್ ಕೊಟ್ಟಿಗೆ ಗೊಬ್ಬರ ಬೇಕು. ನಾಟಿ ದನವೊಂದು ದಿನಕ್ಕೆ ಹಾಕುವುದು ಹತ್ತು ಕಿಲೋ ಹಸಿ ಸಗಣಿ. ಅದು ತಿಪ್ಪೆಯಲ್ಲಿ ಕಳಿತು ಗೊಬ್ಬರವಾಗುವ ಹೊತ್ತಿಗೆ ಅರ್ಧವೂ ಉಳಿಯುವುದಿಲ್ಲ. ಅಂದರೆ ಎಕರೆಗೆ ಎರಡು ದನ. ಜೀವಾಮೃತ ಮಾಡುತ್ತೇವೆ ಎಂದರೂ 200 ಲೀಟರ್ ನೀರಿಗೆ ಹತ್ತು ಕಿಲೋ ಸಗಣಿ, ಹತ್ತು ಲೀಟರ್ ಗಂಜಲ ಬೇಕು. ಬೆಲ್ಲ, ಹಿಟ್ಟು ಅಂಗಡಿಯಲ್ಲಿ ಸಿಕ್ಕಾವು; ಸಗಣಿಗೆ ದನ ಬೇಕು, ದನಕ್ಕೆ ಮೇವು ಬೇಕು. ಮಳೆ ಕೈಕೊಡುವ ಈ ಸೀಮೆಯಲ್ಲಿ ಆ ಮೇವು ಇದ್ದದ್ದು ಕಾವಲಿನಲ್ಲಿ.

ಮೈಸೂರು ಅರಸರ ದನ ಸಾಕಣೆಯ ಇಲಾಖೆ ಬೆಣ್ಣೆ ಚಾವಡಿ ಟಿಪ್ಪುವಿನ ಕಾಲಕ್ಕೆ ಅಮೃತ ಮಹಲ್ ಆಯಿತು. ಅದರ ರಾಸುಗಳಿಗೆಂದು ಬಿಟ್ಟ ಹುಲ್ಲುಗಾವಲೇ ಈ ಕಾವಲು; ಅಲ್ಲಿ ಮ್ಯಾಸಬೇಡರ ದೇವರ ಎತ್ತುಗಳೂ ಕುರುಬರ ಕುರಿಗಳೂ ಮೇದವು. 2007ರ ನಂತರದ ಕೆಲವೇ ವರ್ಷಗಳಲ್ಲಿ ವರವು, ಕುದಾಪುರ, ಉಳ್ಳಾರ್ತಿ ಕಾವಲುಗಳ ಸುಮಾರು 10,000 ಎಕರೆ ಡಿಆರ್‌ಡಿಒ, ಇಸ್ರೊ, ಭಾಭಾ ಅಣು ಸಂಶೋಧನಾ ಕೇಂದ್ರ, ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಒಂದು ಖಾಸಗಿ ಸೌರ ಕಂಪನಿಯ ಪಾಲಾಯಿತು. ಗೋಡೆ ಎದ್ದಿತು. ದೂರು ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. 2016ರ ನವೆಂಬರಿನಲ್ಲಿ ರುಸ್ತುಂ-2 ಡ್ರೋನ್ ಇಲ್ಲಿಂದಲೇ ಮೊದಲು ಹಾರಿತು. ಮರುವರ್ಷ ಡಿಆರ್‌ಡಿಒ ಪರೀಕ್ಷಾ ವಲಯದ ಉದ್ಘಾಟನೆಯೂ ಆಯಿತು. ದೇಶದ ರಕ್ಷಣೆಗೆ ಯಾರ ತಕರಾರೂ ಇಲ್ಲ. ಆದರೆ ಒಂದು ಇಲಾಖೆ ಹುಲ್ಲುಗಾವಲಿಗೆ ಗೋಡೆ ಕಟ್ಟಿಸುವಾಗ ಇನ್ನೊಂದು ಇಲಾಖೆ ದನ ಸಾಕಿ ಗೊಬ್ಬರ ಮಾಡಿ ಎಂದು ತರಬೇತಿ ಕೊಡುವುದು ನನಗೆ ತಮಾಷೆಯಾಗಿ ಕಾಣುವುದಿಲ್ಲ.

ದನ ಕಡಿಮೆಯಾದ ಮನೆಗೆ ಉಳಿದ ದಾರಿ ಕುರಿ ತರುಬುವುದು. ರಾತ್ರಿ ಹೊಲದಲ್ಲಿ ಮಂದೆ ನಿಲ್ಲಿಸಿದರೆ ಹಿಕ್ಕೆ, ಉಚ್ಚೆ ಎರಡೂ ನೇರ ಮಣ್ಣಿಗೆ, ಸಾಗಾಣಿಕೆಯ ಖರ್ಚಿಲ್ಲ. ಕುರುಬರಿಗೆ ಕಾಳೋ ದುಡ್ಡೋ ಸಲ್ಲುತ್ತದೆ.  ನನ್ನ ಮಟ್ಟಿಗೆ ಬಾಟಲಿಯಲ್ಲಿ ಬರುವ ಯಾವ ಜೈವಿಕ ದ್ರಾವಣಕ್ಕಿಂತಲೂ ಇದು ಮೇಲು. ಜೊತೆಗೆ ಕೆರೆಗೋಡು, ಹೊಂಗೆ ಸೊಪ್ಪು, ಶೇಂಗಾದ ನಡುವೆ ತೊಗರಿಯ ಅಕ್ಕಡಿ ಸಾಲು.

ಮಾರಾಟದ್ದು ಇನ್ನೊಂದು ಗೋಳು. ವಾರ್ಷಿಕ ಬೆಳೆಗೆ ಪ್ರಮಾಣಪತ್ರ ಸಿಗಬೇಕಾದರೆ ಬಿತ್ತನೆಗೆ ಮುಂಚೆ 24 ತಿಂಗಳ ಪರಿವರ್ತನಾ ಅವಧಿ ಕಳೆಯಬೇಕು. ಆ ಅವಧಿಯಲ್ಲಿ ಇಳುವರಿ ಕುಸಿಯಬಹುದು, ಸಾವಯವದ ಬೆಲೆಯಂತೂ ಇಲ್ಲ. ಎಣ್ಣೆ ನಗರ ಎನಿಸಿಕೊಂಡ ಚಳ್ಳಕೆರೆಯ ಗಿರಣಿಗೆ ಹೋದರೆ ವಿಷ ಹೊಡೆದ ಕಾಯಿ, ಹೊಡೆಯದ ಕಾಯಿ ಎರಡನ್ನೂ ಒಟ್ಟಿಗೇ ಅರೆಯುತ್ತಾರೆ. ಸಾವಯವ ಶೇಂಗಾಕ್ಕೆ ಪ್ರತ್ಯೇಕ ಗಾಣವಿಲ್ಲದೆ ಪ್ರಮಾಣಪತ್ರ ಕಾಗದವಷ್ಟೆ.

2024ರ ನವೆಂಬರಿನಲ್ಲಿ ಕೇಂದ್ರ ಒಪ್ಪಿದ ನೈಸರ್ಗಿಕ ಕೃಷಿ ಮಿಷನ್ ದೇಶದಲ್ಲಿ 10,000 ಜೈವಿಕ ಪರಿಕರ ಕೇಂದ್ರಗಳನ್ನು ತೆರೆಯುವ ಮಾತಾಡಿದೆ. ಅಧಿಕಾರಿಗಳಲ್ಲಿ ನನ್ನ ವಿನಂತಿ ಇಷ್ಟು. ಅಂಥ ಕೇಂದ್ರಗಳಲ್ಲಿ ಕೆಲವನ್ನಾದರೂ ಕಾವಲಿನ ಅಂಚಿನ ಹಟ್ಟಿಗಳಿಗೆ ಕೊಡಿ, ಅಲ್ಲಿನ ಹೆಣ್ಣುಮಕ್ಕಳ ಸಂಘಗಳೇ ನಡೆಸಲಿ. ಕುರಿ ತರುಬಿಸಿದ ಖರ್ಚಿಗೆ ಅಂಗಡಿಯ ಬಿಲ್ಲು ಕೇಳಬೇಡಿ, ಮಂದೆಯವರ ಕೈಬರಹದ ಚೀಟಿಯನ್ನೇ ಪರಿಕರದ ರಸೀದಿಯೆಂದು ಒಪ್ಪಿಕೊಳ್ಳಿ. ಪಂಚಾಯ್ತಿಗಳವರು ಉಳಿದಿರುವ ಗೋಮಾಳವನ್ನು ಈ ಬೇಸಿಗೆಯಲ್ಲೇ ಅಳೆಸಿ, ಗಡಿಕಲ್ಲು ನೆಡಿಸಿ. ಅದು ಇನ್ನೊಂದು ಯೋಜನೆಗೆ ಹೋಗುವ ಮೊದಲೇ.