ಟೋಕಿಯೋ ಡ್ರಿಫ್ಟ್ ನೋಡಿ ಜಪಾನ್ ಫ್ಲೈಟ್ ಹತ್ತೋ ಮುಂಚೆ

ಬಸ್ಸಲ್ಲಿ ಕೂತು ಕೇಳ್ತಿರೋರು, ಅಡುಗೆ ಮಾಡ್ತಾ ಕೇಳ್ತಿರೋರು, ನೈಟ್ ಶಿಫ್ಟ್ ಮುಗಿಸಿ ಬರ್ತಾ ಕೇಳ್ತಿರೋರು, ಎಲ್ಲರಿಗೂ ಸ್ವಾಗತ. ಗಾಡಿ ಓಡಿಸ್ತಾ ಕೇಳ್ತಿದ್ರೆ ಒಂದೇ ಒಂದು ರಿಕ್ವೆಸ್ಟ್. ಇವತ್ತಿನ ವಿಷಯ ಕೇಳಿ ಆಕ್ಸಿಲರೇಟರ್ ತುಳೀಬೇಡಿ.

2006ರಲ್ಲಿ ಬಂದ 'ಟೋಕಿಯೋ ಡ್ರಿಫ್ಟ್' ಸಿನಿಮಾ ನಿಮ್ಮಲ್ಲಿ ಬಹಳ ಜನ ನೋಡಿರ್ತೀರಿ. ಅಮೆರಿಕದ ಹುಡುಗ ಟೋಕಿಯೋಗೆ ಬಂದು ಇಳೀತಾನೆ, ಬಂದ ಕೂಡ್ಲೇ ಪಾರ್ಕಿಂಗ್ ಲಾಟ್‌ನಲ್ಲಿ ಬೇರೆಯವರ ಸಿಲ್ವಿಯಾ ಕಾರು ಹಿಡಿದು ಡ್ರಿಫ್ಟ್‌ಗೆ ಇಳೀತಾನೆ. ಅವನಿಗೆ ಭಾಷೆ ಬರಲ್ಲ. ಲೈಸೆನ್ಸ್, ವೀಸಾ, ಬಾಡಿಗೆ, ಯಾವುದರ ತಲೆನೋವೂ ಇಲ್ಲ. ಆ ಸಿನಿಮಾದ ಬಹುಪಾಲು ಶೂಟಿಂಗ್ ನಡೆದಿದ್ದೂ ಲಾಸ್ ಏಂಜಲೀಸ್‌ನಲ್ಲೇ.

ಇದನ್ನ ಯಾಕೆ ಹೇಳ್ತಿದ್ದೀನಿ ಅಂದ್ರೆ, ಹೋದ ತಿಂಗಳು ದಾವಣಗೆರೆಯಿಂದ ಒಬ್ಬ ಕೇಳುಗ ವಾಯ್ಸ್ ನೋಟ್ ಕಳಿಸಿದ್ದ. ಬಿ.ಕಾಂ. ಕೊನೇ ವರ್ಷ. ಡಿಗ್ರಿ ಆದ ಮೇಲೆ ಜಪಾನಿಗೆ ಹೋಗ್ಬೇಕು, ಒಂದು ಹಳೇ ಸಿಲ್ವಿಯಾ ತಗೋಬೇಕು, ಡ್ರಿಫ್ಟ್ ಕಲೀಬೇಕು. ಇಷ್ಟೇ ಅವನ ಪ್ಲಾನ್. ಒಬ್ಬ ಏಜೆಂಟು ಕೆಲಸ ಕೊಡಿಸ್ತೀನಿ ಅಂತ ದೊಡ್ಡ ಮೊತ್ತ ಕೇಳ್ತಿದ್ದಾನಂತೆ. 'ಅಪ್ಪನ ಹತ್ರ ಕೇಳ್ಲಾ ಬೇಡ್ವಾ?' ಅನ್ನೋದು ಅವನ ಪ್ರಶ್ನೆ. ನಾನು ಓದಿದ್ದೂ ಬಿ.ಕಾಂ.ನೇ. ಹಾಗಾಗಿ ಇವತ್ತು ಈ ಕನಸಿನ ಲೆಕ್ಕಪತ್ರ ಬಿಚ್ಚಿ ನೋಡೋಣ. ಕನಸು ಮುರಿಯೋಕಲ್ಲ, ಅದರ ನಿಜವಾದ ಖರ್ಚು ಎಲ್ಲಿದೆ ಅಂತ ತಿಳ್ಕೊಳ್ಳೋಕೆ.

ಮೊದಲು, ಡ್ರಿಫ್ಟ್ ಅಂದ್ರೇನು? ಮಳೇಲಿ ಮಣ್ಣು ರಸ್ತೆ ತಿರುವಿನಲ್ಲಿ ಬೈಕಿನ ಹಿಂದಿನ ಚಕ್ರ ಜಾರಿದ್ದು ನೆನಪಿದ್ಯಾ? ಎದೆ ಒಮ್ಮೆ ಧಸಕ್ ಅನ್ನುತ್ತೆ. ಆ ಜಾರೋದನ್ನ ಬೇಕು ಅಂತಲೇ ಶುರು ಮಾಡಿ, ತಿರುವು ಮುಗಿಯೋವರೆಗೂ ಹಿಡಿತದಲ್ಲಿ ಇಟ್ಕೊಳ್ಳೋದೇ ಡ್ರಿಫ್ಟ್. ಇಂಜಿನ್ ಶಕ್ತಿ ಹಿಂದಿನ ಚಕ್ರಕ್ಕೆ ಹೋಗೋ ಕಾರು ಇದಕ್ಕೆ ಸರಿ. ತಿರುವಿಗೆ ಬರುವಾಗ ಹ್ಯಾಂಡ್‌ಬ್ರೇಕ್ ಎಳೀತಾರೆ, ಇಲ್ಲಾ ಕ್ಲಚ್ ಒಮ್ಮೆ ಒದ್ದು ಬಿಡ್ತಾರೆ. ಹಿಂದಿನ ಟೈರು ರಸ್ತೆಯ ಹಿಡಿತ ಬಿಡುತ್ತೆ, ಕಾರಿನ ಹಿಂಭಾಗ ಹೊರಗೆ ಬೀಸುತ್ತೆ. ಆಗ ಸ್ಟೀರಿಂಗನ್ನ ತಿರುವಿನ ವಿರುದ್ಧ ದಿಕ್ಕಿಗೆ ತಿರುಗಿಸಿ, ಆಕ್ಸಿಲರೇಟರ್‌ನಲ್ಲಿ ಆ ಜಾರುವಿಕೆಯನ್ನ ಕಾಯ್ತಾರೆ. ಆಕ್ಸಿಲರೇಟರ್ ಸ್ವಲ್ಪ ಜಾಸ್ತಿ ಆದ್ರೆ ಕಾರು ಬುಗುರಿ ಥರ ಸುತ್ತುತ್ತೆ. ಕಮ್ಮಿ ಆದ್ರೆ ಟೈರು ಥಟ್ ಅಂತ ಹಿಡ್ಕೊಂಡು ಕಾರು ಇನ್ನೊಂದು ಕಡೆಗೆ ಎಸೆಯುತ್ತೆ.

ಅಂದ್ರೆ ಕಲಿಯೋರು ನೂರಾರು ಸಲ ಸುತ್ತಲೇಬೇಕು. ಸುತ್ತದೆ ಕಲಿತವರು ಯಾರೂ ಇಲ್ಲ. ಹಾಗಾದ್ರೆ ಎಲ್ಲಿ ಸುತ್ತೋದು? ಡ್ರಿಫ್ಟ್‌ನ ಇಡೀ ಇತಿಹಾಸ ಇರೋದು ಈ ಒಂದು ಪ್ರಶ್ನೆಯಲ್ಲೇ.

1970ರ ದಶಕದಲ್ಲಿ ಕುನಿಮಿತ್ಸು ತಕಹಾಶಿ ಅನ್ನೋ ರೇಸರ್ ಇದ್ರು. ಮೂಲತಃ ಬೈಕ್ ರೇಸರ್. 1961ರಲ್ಲಿ ಮೋಟರ್‌ಸೈಕಲ್ ಗ್ರ್ಯಾಂಡ್ ಪ್ರಿ ಗೆದ್ದ ಮೊದಲ ಜಪಾನಿ ಅವರೇ. ಕಾರಿಗೆ ಬಂದ ಮೇಲೆ ತಿರುವಿಗೆ ಜೋರಾಗಿ ನುಗ್ಗಿ, ಕಾರನ್ನ ಜಾರಿಸಿಕೊಂಡೇ ಆಚೆ ಬರ್ತಿದ್ರು. ಅದನ್ನ ನೋಡಿ ಹುಚ್ಚು ಹಿಡಿಸಿಕೊಂಡವರಲ್ಲಿ ನಾಗಾನೋ ಪ್ರಾಂತ್ಯದ ಕೇಯಿಚಿ ತ್ಸುಚಿಯಾ ಒಬ್ಬರು. ತ್ಸುಚಿಯಾ ಅಭ್ಯಾಸ ಮಾಡಿದ್ದು ಊರ ಹತ್ತಿರದ ಘಾಟ್ ರಸ್ತೆಯಲ್ಲಿ, ರಾತ್ರಿ ಹೊತ್ತು. ಜಪಾನಿನಲ್ಲಿ ಇಂಥ ಘಾಟಿಗೆ 'ತೋಗೆ' ಅಂತಾರೆ. 1987ರಲ್ಲಿ 'ಪ್ಲಸ್‌ಪಿ' ಅನ್ನೋ ವಿಡಿಯೋ ಬಂತು. ಅದರಲ್ಲಿ ತ್ಸುಚಿಯಾ ತಮ್ಮ ಟೊಯೋಟಾ ಎಇ86 ಕಾರನ್ನ ಬೆಟ್ಟದ ರಸ್ತೆಯಲ್ಲಿ ಜಾರಿಸೋದನ್ನ ನೋಡಿ ದೇಶದ ಹುಡುಗರೆಲ್ಲ ಅದೇ ಮಾಡೋಕೆ ಹೊರಟ್ರು. ಆ ಕಾಲದ ಬಾಕಿ ಕೊರೊಲ್ಲಾಗಳು ಮುಂದಿನ ಚಕ್ರದ ಡ್ರೈವ್‌ಗೆ ಬದಲಾಗ್ತಿದ್ವು. ಎಇ86 ಮಾತ್ರ ಹಿಂದಿನ ಚಕ್ರದ ಡ್ರೈವ್ ಉಳಿಸಿಕೊಂಡಿತ್ತು. ಹಗುರವಾದ ಕಾರು, ಅಗ್ಗ ಬೇರೆ.

ನನಗೆ ತುಂಬಾ ಇಷ್ಟ ಆದ ಸಂಗತಿ ಒಂದಿದೆ. 1995ರ ಲೆ ಮಾನ್ಸ್ 24 ಗಂಟೆ ರೇಸಿನಲ್ಲಿ ಇದೇ ತಕಹಾಶಿ, ಇದೇ ತ್ಸುಚಿಯಾ ಒಂದೇ ಹೋಂಡಾ ಎನ್‌ಎಸ್‌ಎಕ್ಸ್ ಹಂಚ್ಕೊಂಡು ಓಡಿಸಿ, ಅಕಿರಾ ಈದಾ ಜೊತೆ ಜಿಟಿ2 ವಿಭಾಗ ಗೆದ್ರು. ಯಾರನ್ನ ನೋಡಿ ಕಲಿತರೋ ಅವರ ಕಾರಲ್ಲೇ ಪಾಲುದಾರ!

ಅದೇ 1995ರಲ್ಲಿ ಶುಯಿಚಿ ಶಿಗೆನೋ ಬರೆದ 'ಇನಿಷಿಯಲ್ ಡಿ' ಮಾಂಗಾ ಶುರುವಾಯ್ತು. ಸೋಯಾ ಹಾಲಿನ ತೋಫು ಮಾರೋರ ಮಗ, ಬೆಳಗಿನ ಜಾವ ಡೆಲಿವರಿ ಕೊಡ್ತಾ ಕೊಡ್ತಾ ಬೆಟ್ಟದ ರಸ್ತೆ ಕಲಿತ ಹುಡುಗ, ಅವನ ಬಿಳಿ-ಕಪ್ಪು ಎಇ86. ಆ ಕಥೆಯ 'ಅಕಿನಾ' ಬೆಟ್ಟ ಅಂದ್ರೆ ಗುನ್ಮಾ ಪ್ರಾಂತ್ಯದ ಹರುನಾ ಬೆಟ್ಟ. ಇವತ್ತಿಗೂ ಅಲ್ಲಿಗೆ ಬೇರೆ ಬೇರೆ ದೇಶದಿಂದ ಜನ ಫೋಟೋ ತೆಗೆಸ್ಕೊಳ್ಳೋಕೆ ಬರ್ತಾರೆ.

ಆದ್ರೆ ಕಥೆಯ ಬೆಟ್ಟ ಬೇರೆ, ನಿಜವಾದ ಬೆಟ್ಟ ಬೇರೆ. ಸಾರ್ವಜನಿಕ ರಸ್ತೆ ಅಂದ್ಮೇಲೆ ಎದುರಿಂದ ಯಾರೋ ಬರ್ತಿರ್ತಾರೆ. ಅವರಿಗೆ ಈ ಆಟದ ನಿಯಮ ಗೊತ್ತಿಲ್ಲ, ಆಡೋಕೆ ಒಪ್ಪಿಗೇನೂ ಕೊಟ್ಟಿಲ್ಲ. ಹಾಗಾಗಿ ಜಪಾನಿನಲ್ಲಿ ಪೊಲೀಸರು ಬಿಗಿ ಮಾಡಿದ್ರು, ಎಷ್ಟೋ ಘಾಟ್ ತಿರುವುಗಳಲ್ಲಿ ರಸ್ತೆ ಮೇಲೆ ಉಬ್ಬು ಹಾಕಿದ್ರು. ಆಟ ನಿಧಾನವಾಗಿ ಸರ್ಕ್ಯೂಟ್ ಒಳಗೆ ಬಂತು. 2000ದಲ್ಲಿ ಫುಕುಶಿಮಾ ಪ್ರಾಂತ್ಯದ ಎಬಿಸು ಸರ್ಕ್ಯೂಟ್‌ನಲ್ಲಿ ಮೊದಲ ವೃತ್ತಿಪರ ಡ್ರಿಫ್ಟ್ ಸ್ಪರ್ಧೆ ನಡೀತು. ಅದೇ ಮುಂದೆ 'ಡಿ1 ಗ್ರ್ಯಾಂಡ್ ಪ್ರಿ' ಆಯ್ತು. ಇದರಲ್ಲಿ ಮೊದಲು ಗುರಿ ಮುಟ್ಟಿದವರು ಗೆಲ್ಲಲ್ಲ. ಎಷ್ಟು ವೇಗ, ಎಷ್ಟು ಕೋನ, ಯಾವ ದಾರಿ ಅಂತ ನೋಡಿ ಅಂಕ ಕೊಡ್ತಾರೆ. ಎರಡು ಕಾರು ಒಟ್ಟಿಗೆ ಜಾರ್ತಾ ಬಂದಾಗ, ಹಿಂದಿನವರು ಮುಂದಿನವರ ಬಾಗಿಲಿಗೆ ಎಷ್ಟು ಹತ್ತಿರ ಇದ್ರು ಅನ್ನೋದೂ ಲೆಕ್ಕ. 2002ರ ಚಾಂಪಿಯನ್ ಕತ್ಸುಹಿರೋ ಉಯೆಓ ಗೆದ್ದಿದ್ದು ಅದೇ ಹಳೇ ಎಇ86ನಲ್ಲಿ.

ಈಗ ಎಬಿಸು ಬಗ್ಗೆ ಸ್ವಲ್ಪ ಹೇಳ್ತೀನಿ, ಯಾಕಂದ್ರೆ ಡ್ರಿಫ್ಟ್‌ಗೋಸ್ಕರ ದೇಶ ಬಿಟ್ಟು ಬರೋರಲ್ಲಿ ಎಷ್ಟೋ ಜನ ಕೊನೆಗೆ ಬಂದು ನಿಲ್ಲೋದು ಇಲ್ಲೇ. ನಿಹೊನ್‌ಮತ್ಸು ಊರಿನ ಹತ್ತಿರ, ಬೆಟ್ಟದ ಮೇಲೆ. ಪಕ್ಕದಲ್ಲೇ ಒಂದು ಸಫಾರಿ ಪಾರ್ಕು. ಟೈರಿನ ಕಿರುಚಾಟ ಒಂದು ಕಡೆ, ಸಿಂಹ ಒಂದು ಕಡೆ! ಇಲ್ಲಿರೋದು ಒಂದೇ ದೊಡ್ಡ ಟ್ರ್ಯಾಕ್ ಅಲ್ಲ, ಬೇರೆ ಬೇರೆ ಮಟ್ಟದವರಿಗೆ ಬೇರೆ ಬೇರೆ ಚಿಕ್ಕ ಕೋರ್ಸ್‌ಗಳು. ಏನೂ ಬಾರದವರಿಗೆ 'ಕುರುಕುರು ಲ್ಯಾಂಡ್' ಅಂತ ಒಂದು ಬಯಲು. ಜಪಾನಿ ಭಾಷೇಲಿ ಕುರುಕುರು ಅಂದ್ರೆ ಗಿರಗಿರ. ಅಲ್ಲಿ ಗಿರಗಿರ ಸುತ್ತೋದೇ ಪಾಠ. ಕೈ ಪಳಗಿದವರಿಗೆ ಮಿನಾಮಿ, ಅಂದ್ರೆ ದಕ್ಷಿಣದ ಕೋರ್ಸು. ಅದರಲ್ಲಿ ಕಾರು ಜಾರ್ತಾನೇ ಒಂದು ಏರಿನ ಮೇಲಿಂದ ಹಾರಿ, ಗೋಡೆ ಪಕ್ಕ ಇಳಿಯುತ್ತೆ. 'ಮತ್ಸುರಿ' ಅಂದ್ರೆ ಜಾತ್ರೆ. ವರ್ಷಕ್ಕೆ ಕೆಲವು ಸಲ ಇಲ್ಲಿ ಹಗಲು ರಾತ್ರಿ ಡ್ರಿಫ್ಟ್ ಜಾತ್ರೆ ನಡೆಯುತ್ತೆ. ಬಂಪರ್ ಕಿತ್ತು ಬಂದ್ರೆ ಜಿಪ್ ಟೈಯಲ್ಲಿ ಹೊಲಿದು ಮತ್ತೆ ಟ್ರ್ಯಾಕಿಗೆ ಇಳೀತಾರೆ. ಈ ಜಾಗ ನಡೆಸಿದ ನೊಬುಶಿಗೆ ಕುಮಕುಬೊ ತಾವೇ 2006ರ ಡಿ1 ಚಾಂಪಿಯನ್.

2021ರ ಫೆಬ್ರವರಿಯಲ್ಲಿ ಫುಕುಶಿಮಾ ಕರಾವಳಿಯಾಚೆ ದೊಡ್ಡ ಭೂಕಂಪ ಆದಾಗ ಎಬಿಸುವಿನ ಗುಡ್ಡ ಕುಸಿದು ಒಂದು ಕೋರ್ಸ್ ಮಣ್ಣಡಿ ಹೋಯ್ತು. ಪ್ರಪಂಚದ ಎಲ್ಲೆಲ್ಲೋ ಇದ್ದ ಡ್ರಿಫ್ಟ್ ಪ್ರಿಯರು ಆ ಫೋಟೋ ನೋಡಿ ತಮ್ಮೂರ ದೇವಸ್ಥಾನ ಬಿದ್ದ ಹಾಗೆ ಸಂಕಟಪಟ್ರು. ಅವರು ಬೇಜಾರು ಮಾಡ್ಕೊಂಡಿದ್ದು ಯಾವುದೋ ಕಾರಿಗಲ್ಲ, ಒಂದು ಜಾಗಕ್ಕೆ.

ಹೀಗೆ ಹೋಗಿ ನೆಲೆಸಿದವರಲ್ಲಿ ಹೆಸರಾದವರು ಆಸ್ಟ್ರೇಲಿಯಾದ ಅಲೆಕ್ಸಿ ಸ್ಮಿತ್. 'ನೊರಿಯಾರೊ' ಅನ್ನೋ ಯೂಟ್ಯೂಬ್ ಚಾನೆಲ್ ಅವರದ್ದು. ಹದಿನೈದು ವರ್ಷಕ್ಕೂ ಮೇಲಿಂದ ಜಪಾನಿನ ಡ್ರಿಫ್ಟ್ ಲೋಕವನ್ನ ಒಳಗಿನಿಂದ ತೋರಿಸ್ತಿದ್ದಾರೆ. ಅವರ ವಿಡಿಯೋಗಳಲ್ಲಿ ನನಗೆ ಮುಖ್ಯ ಅನ್ಸಿದ್ದು ಹೊಗೆ ಅಲ್ಲ, ಮಾತುಕತೆ. ಅಲ್ಲಿನ ಚಾಲಕರ ಹತ್ರ, ಗ್ಯಾರೇಜಿನವರ ಹತ್ರ ಜಪಾನಿ ಭಾಷೆಯಲ್ಲೇ ಮಾತಾಡ್ತಾರೆ. ಭಾಷೆ ಬಂದ್ರೆ ಆ ಗ್ಯಾರೇಜಲ್ಲಿ ಒಂದು ಸ್ಟೂಲ್ ಸಿಗುತ್ತೆ. ಬರದಿದ್ರೆ ನೀವು ಗೇಟಿನ ಹೊರಗೆ ನಿಂತ ಪ್ರವಾಸಿ, ಅಷ್ಟೇ.

ಈಗ ಲೆಕ್ಕಕ್ಕೆ ಬರೋಣ. ಡ್ರಿಫ್ಟ್ ಜಪಾನಿನಲ್ಲೇ ಯಾಕೆ ಬೆಳೀತು? ನನ್ನ ಪ್ರಕಾರ ಅರ್ಧ ಉತ್ತರ ಅಕೌಂಟ್ಸ್‌ನಲ್ಲಿದೆ. ಅಲ್ಲಿ 'ಶಾಕೆನ್' ಅಂತ ವಾಹನ ತಪಾಸಣೆ ಇದೆ. ಹೊಸ ಕಾರಿಗೆ ಮೂರು ವರ್ಷಕ್ಕೆ, ಆಮೇಲೆ ಪ್ರತಿ ಎರಡು ವರ್ಷಕ್ಕೆ. ಖರ್ಚಿನ ಬಾಬತ್ತು ಅದು. ಪೆಟ್ರೋಲ್ ಕಾರಿಗೆ 13 ವರ್ಷ ದಾಟಿದ್ರೆ ತೆರಿಗೆಯೂ ಏರುತ್ತೆ. ಹಾಗಾಗಿ ಚೆನ್ನಾಗಿರೋ ಕಾರನ್ನೇ ಜನ ಬೇಗ ಕೈಬಿಡ್ತಿದ್ರು. ನಿಸಾನ್ ಸಿಲ್ವಿಯಾದಂಥ ಹಿಂದಿನ ಚಕ್ರದ ಕಾರು ಕಾಲೇಜು ಹುಡುಗನ ಕೈಗೂ ಎಟುಕ್ತಿತ್ತು. ಗುದ್ದಿದ್ರೂ ಪರವಾಗಿಲ್ಲ ಅನ್ನೋಷ್ಟು ಅಗ್ಗ. ಕಲಿಯೋಕೆ ಬೇಕಾಗಿದ್ದೂ ಅಂಥ ಕಾರೇ.

ಆ ಕಾಲ ಮುಗೀತು. ಅಮೆರಿಕದಲ್ಲಿ 25 ವರ್ಷ ತುಂಬಿದ ಕಾರನ್ನ ಸುಲಭವಾಗಿ ಆಮದು ಮಾಡ್ಕೋಬಹುದು. 1989ರ ಸ್ಕೈಲೈನ್ ಜಿಟಿ-ಆರ್‌ಗೆ ಆ ಬಾಗಿಲು 2014ರಲ್ಲಿ ತೆರೀತು, 1999ರ ಸಿಲ್ವಿಯಾ ಎಸ್15ಗೆ 2024ರಲ್ಲಿ. ಬೇಡಿಕೆ ಏರಿತು, ತಯಾರಿಕೆ ಎಂದೋ ನಿಂತಿತ್ತು. ಬೆಲೆ ಎತ್ತ ಹೋಯ್ತು ಅಂತ ನಾನು ಹೇಳ್ಬೇಕಾಗಿಲ್ಲ. ಒಂದು ಕಾಲದಲ್ಲಿ ಬಂಪರ್ ಮುರ್ಕೊಂಡು ಕಲೀತಿದ್ದ ಕಾರನ್ನ ಈಗ ಗ್ಯಾರೇಜಲ್ಲಿ ಹೊದಿಕೆ ಹಾಕಿ ಇಡ್ತಾರೆ. ದೂರದಿಂದ ಪ್ರೀತಿಸಿದ ನಮ್ಮಂಥವರೇ ಸೇರಿ, ಅಲ್ಲಿನ ಹುಡುಗನ ಕೈಯಿಂದ ಆ ಕಾರು ಜಾರಿಸಿಬಿಟ್ವಿ. ಇದು ಅಭಿಮಾನದ ಇನ್ನೊಂದು ಮುಖ.

ಕಾರು ಸಿಕ್ತು ಅಂದ್ಕೊಳ್ಳಿ. ಸಾಮಾನ್ಯವಾಗಿ ಮನೆಯಿಂದ ಎರಡು ಕಿಲೋಮೀಟರ್ ಒಳಗೆ ಪಾರ್ಕಿಂಗ್ ಜಾಗ ಇದೆ ಅಂತ ಪ್ರಮಾಣಪತ್ರ ಕೊಡಬೇಕು. ನಮ್ಮ ಬೀದಿ ಥರ ಕಾಂಪೌಂಡ್ ಮುಂದೆ ನಿಲ್ಲಿಸೋ ಹಾಗಿಲ್ಲ. ನಮ್ಮ ಅಂತರರಾಷ್ಟ್ರೀಯ ಪರ್ಮಿಟ್ ಹೆಚ್ಚೆಂದರೆ ಒಂದು ವರ್ಷ ನಡೆಯುತ್ತೆ. ಆಮೇಲೆ ಲೈಸೆನ್ಸ್ ಬದಲಾಯಿಸೋಕೆ ಪರೀಕ್ಷೆ ಇದೆ. 2025ರ ಅಕ್ಟೋಬರ್‌ವರೆಗೆ ಥಿಯರಿಯಲ್ಲಿ 10 ಪ್ರಶ್ನೆ ಇತ್ತು, ಈಗ 50. ಪಾಸಾಗೋಕೆ 90 ಪರ್ಸೆಂಟ್ ಬೇಕು. ಓಡಿಸಿ ತೋರಿಸೋ ಪರೀಕ್ಷೆ ಬೇರೆ. ಇದೆಲ್ಲ ಆದ ಮೇಲೆ ನಿಲ್ಲದ ಖರ್ಚು ಅಂದ್ರೆ ಟೈರು. ಡ್ರಿಫ್ಟ್‌ನಲ್ಲಿ ಅದು ಪೆಟ್ರೋಲ್ ಥರ ಖಾಲಿಯಾಗುತ್ತೆ.

ಈಗ ದಾವಣಗೆರೆಯ ತಮ್ಮನಿಗೆ ನೇರ ಉತ್ತರ. ಏಜೆಂಟಿಗೆ ಕೊಡೋಕೆ ಅಪ್ಪನ ಹತ್ರ ದುಡ್ಡು ಕೇಳಬೇಡ. ಮೊದಲು ಭಾಷೆ ಕಲಿ. ದಾರಿ ಇದೆ. 2019ರ ಏಪ್ರಿಲ್‌ನಲ್ಲಿ ಜಪಾನ್ 'ನಿರ್ದಿಷ್ಟ ಕೌಶಲ' ವೀಸಾ ಶುರು ಮಾಡ್ತು. ಅದರಲ್ಲಿ ವಾಹನ ದುರಸ್ತಿ ಕೆಲಸವೂ ಸೇರಿದೆ. ಭಾರತದ ಜೊತೆ ಇದಕ್ಕೆ 2021ರಲ್ಲಿ ಒಪ್ಪಂದವೂ ಆಗಿದೆ. ಬೇಕಾಗಿರೋದು ಕೌಶಲ ಪರೀಕ್ಷೆ, ಜೊತೆಗೆ ಎನ್4 ಮಟ್ಟದ ಜಪಾನಿ ಭಾಷೆ. ಡಿಗ್ರಿ ಆಧಾರದ ಕೆಲಸದ ವೀಸಾ ಆದ್ರೆ, ಓದಿಗೂ ಕೆಲಸಕ್ಕೂ ಸಂಬಂಧ ಇರಬೇಕು. ವಿದ್ಯಾರ್ಥಿಯಾಗಿ ಹೋದ್ರೆ ಅನುಮತಿ ಪಡೆದು ವಾರಕ್ಕೆ 28 ಗಂಟೆ ಮಾತ್ರ ಕೆಲಸ ಮಾಡಬಹುದು. ಆ ದುಡ್ಡಲ್ಲಿ ಬಾಡಿಗೆಯೂ ಕಟ್ಟಿ, ಶಾಕೆನ್ ಮಾಡಿಸಿ, ಟೈರೂ ತಗೋತೀನಿ ಅನ್ನೋದು ಲೆಕ್ಕಕ್ಕೆ ಕೂರಲ್ಲ. ನೀನೇ ಬಿ.ಕಾಂ., ಪೇಪರ್ ಮೇಲೆ ಬರೆದು ನೋಡು. ಒಂದು ವರ್ಷ ಕೂತು ಎನ್4 ಪಾಸಾಗೋಷ್ಟು ಆಸೆ ಇದ್ರೆ, ಆ ಆಸೆ ನಿಜ ಅಂತ ಅಪ್ಪನಿಗೂ ಗೊತ್ತಾಗುತ್ತೆ.

ಕೊನೆಯದಾಗಿ, ಜಪಾನಿಗೆ ಹೋಗದೆ ಇಲ್ಲೇ ಇರೋ ನಮ್ಮೆಲ್ಲರಿಗೂ ಒಂದು ಮಾತು. ರಿಂಗ್ ರೋಡಲ್ಲಿ, ಫ್ಲೈಓವರ್ ಮೇಲೆ ರಾತ್ರಿ ನಡೆಯೋ ಸ್ಟಂಟ್‌ಗಳ ರೀಲ್ಸ್ ನಮಗೂ ಬರುತ್ತೆ, ಆಮೇಲೆ ಆಸ್ಪತ್ರೆಯ ಸುದ್ದಿಯೂ ಬರುತ್ತೆ. ಜಪಾನಿನಲ್ಲೂ ಇದು ರಸ್ತೆಯಿಂದಲೇ ಶುರುವಾಗಿದ್ದು ನಿಜ. ಆದ್ರೆ ಅದು ಉಳಿದು ಬೆಳೆದಿದ್ದು ರಸ್ತೆ ಬಿಟ್ಟ ಮೇಲೆ. ನಾವು ಅವರಿಂದ ಹೊಗೆ ಕಲಿತ್ವಿ, ಕುರುಕುರು ಲ್ಯಾಂಡ್ ಕಲೀಲಿಲ್ಲ. ನಮಗೆ ಹತ್ತಿರದ ಹೆಸರಾದ ಟ್ರ್ಯಾಕ್‌ಗಳು ಅಂದ್ರೆ ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇ, ಚೆನ್ನೈ ಹತ್ತಿರದ ಇರುಂಗಾಟ್ಟುಕೋಟ್ಟೈ. ಎರಡೂ ಪಕ್ಕದ ರಾಜ್ಯದಲ್ಲಿವೆ. ರೇಸ್ ಟ್ರ್ಯಾಕೇ ಬೇಕು ಅಂತಿಲ್ಲ. ಬೇಲಿ ಹಾಕಿದ ಒಂದು ಡಾಂಬರು ಬಯಲು, ನೀರಿನ ಟ್ಯಾಂಕರ್, ಒಂದು ಆಂಬುಲೆನ್ಸ್, ಹೇಳಿಕೊಡೋಕೆ ಒಬ್ಬರು. ಇಷ್ಟಿದ್ರೆ ಹುಡುಗರು ಸುತ್ತೋಕೆ ಒಂದು ಜಾಗ ಆಗುತ್ತೆ. ನಿಮ್ಮ ಊರಲ್ಲಿ ಅಂಥ ಜಾಗ ಮಾಡೋಕೆ ಹೊರಟವರು ಯಾರಾದ್ರೂ ಇದ್ರೆ ನನಗೆ ಮೆಸೇಜ್ ಮಾಡಿ. ಟೋಕಿಯೋ, ಯೊಕೊಹಾಮಾ ಕಡೆ ಇರೋ ಕನ್ನಡದವರು ಕೇಳ್ತಿದ್ರೆ, ನಿಮ್ಮ ಲೈಸೆನ್ಸ್ ಪರೀಕ್ಷೆ ಕಥೆಗಳನ್ನೂ ಕಳಿಸಿ, ಒಂದು ಇಡೀ ಎಪಿಸೋಡ್ ಮಾಡೋಣ.

ಇವತ್ತಿಗೆ ಇಷ್ಟು. ಸೀಟ್ ಬೆಲ್ಟ್ ಹಾಕ್ಕೊಳ್ಳಿ, ಹೆಲ್ಮೆಟ್ ಮರೀಬೇಡಿ. ಮುಂದಿನ ವಾರ ಸಿಗೋಣ.