ನಾಲ್ಕು ಜನರ ಹಾಗೆ



ಓದುವುದಕ್ಕೆಂದು ಊರನ್ನು ಬಿಟ್ಟು ಪಟ್ಟಣಕ್ಕೆ ಹೊರಡುವ ಹುಡುಗನಿಗೆ ಮನೆಯ ಹಿರಿಯರು ಹೇಳುವ ಬುದ್ಧಿಮಾತುಗಳಲ್ಲಿ ಒಂದು ಮಾತು ಮಾತ್ರ ಎಂದಿಗೂ ತಪ್ಪುವುದಿಲ್ಲ: 'ನಾಲ್ಕು ಜನರ ಹಾಗೆ ಇರಪ್ಪ.' ಈ ನಾಲ್ಕು ಜನ ಯಾರೆಂಬುದನ್ನು ಹೇಳಿದವರು ವಿವರಿಸುವುದಿಲ್ಲ, ಕೇಳಿದವರು ವಿಚಾರಿಸುವುದೂ ಇಲ್ಲ. ಮದುವೆಯ ಮನೆಯಲ್ಲಿ ಉಂಡು ಹೊಗಳುವವರೂ ಹಳಿಯುವವರೂ ಆ ನಾಲ್ವರೇ. ಕಟ್ಟಕಡೆಗೆ ನಮ್ಮನ್ನು ಹೊರುವವರೂ ಆ ನಾಲ್ವರೇ. ಆದುದರಿಂದ ಅವರ ಮೆಚ್ಚಿಕೆಯನ್ನು ಸಂಪಾದಿಸಿಕೊಳ್ಳುವುದು ಬಾಳಿನ ಒಂದು ದೊಡ್ಡ ಕೆಲಸವೆಂದು ನಮ್ಮ ಜನ ಭಾವಿಸಿರುವುದರಲ್ಲಿ ಆಶ್ಚರ್ಯವೇನೂ ಇಲ್ಲ. ಕಾಲೇಜಿನ ವಿದ್ಯಾರ್ಥಿಯೊಬ್ಬನ ಅನುಭವದಲ್ಲಿ ಈ ಹಿತವಚನವು ಪಡೆದ ರೂಪಾಂತರಗಳನ್ನು ತಮ್ಮ ಮುಂದಿಡುವುದೇ ಈ ಹೊತ್ತಿನ ಭಾಷಣದ ಉದ್ದೇಶ. ನಾವು ಇನ್ನೂ ವಿದ್ಯಾರ್ಥಿಗಳೇ ಆಗಿರುವುದರಿಂದ, ಇದನ್ನು ಉಪದೇಶವೆಂದೆಣಿಸದೆ ನಿವೇದನೆಯೆಂದು ಭಾವಿಸಬೇಕೆಂದು ಕೋರುತ್ತೇವೆ.

ನಾವು ಹಳ್ಳಿಯಿಂದ ಮೈಸೂರಿಗೆ ಬಂದು ಕಾಲೇಜನ್ನು ಸೇರಿದಾಗ ನಮ್ಮೊಡನೆ ಒಂದು ತಗಡಿನ ಪೆಟ್ಟಿಗೆ, ಒಂದು ಹಾಸಿಗೆಯ ಸುರುಳಿ, ತಾಯಿಯು ಕಟ್ಟಿಕೊಟ್ಟ ಚಟ್ನಿಪುಡಿಯ ಡಬ್ಬಿ ಇಷ್ಟೇ ಇದ್ದುವು. ಕಣ್ಣಿಗೆ ಕಾಣದ ಮತ್ತೊಂದು ಗಂಟೂ ಇತ್ತು. ಅದು ನಮ್ಮ ಊರಿನ ಮಾತು. ಮೊದಲ ತಿಂಗಳಲ್ಲಿಯೇ ನಾವು ಪೆಟ್ಟಿಗೆಯನ್ನು ಮಂಚದ ಕೆಳಕ್ಕೆ ತಳ್ಳಿದೆವು. ಮಾತನ್ನು ಅದಕ್ಕಿಂತಲೂ ಆಳಕ್ಕೆ ತಳ್ಳಿದೆವು. ಉಳಿದವರು ತೊಡುವ ಬಗೆಯ ಅಂಗಿಯನ್ನು ಹೊಲಿಸಿಕೊಂಡೆವು. ಉಳಿದವರು ಹೊಗಳುವ ಗ್ರಂಥವನ್ನು, ಹತ್ತು ಪುಟಗಳನ್ನೂ ಓದದೆ, ನಾವೂ ಹೊಗಳಿದೆವು. ಯಾವ ಅಧ್ಯಾಪಕರನ್ನು ಪರಿಹಾಸ ಮಾಡುವುದು ರೂಢಿಯಾಗಿದ್ದಿತೋ ಅವರನ್ನು ನಾವೂ ಪರಿಹಾಸ ಮಾಡಿದೆವು; ಅವರ ಪಾಠ ನಮಗೆ ಬಹಳ ಹಿಡಿಸಿದ್ದಿತೆಂಬುದನ್ನು ಯಾರೊಡನೆಯೂ ಹೇಳಲಿಲ್ಲ. ಹೀಗೆ ನಾಲ್ಕು ಜನರ ಹಾಗೆ ಇರಬೇಕೆಂಬ ಹಿರಿಯರ ಆಜ್ಞೆಯನ್ನು ನಾವು ಅಕ್ಷರಶಃ ಪಾಲಿಸಿದೆವು. ನಾಲ್ವರು ಮಾತ್ರ ಬದಲಾಗಿದ್ದರು.

ನಾವಿದ್ದ ವಿದ್ಯಾರ್ಥಿನಿಲಯದಲ್ಲಿ ಒಂದು ರಾತ್ರಿ ಊಟದ ಹೊತ್ತಿನಲ್ಲಿ ನಡೆದ ಒಂದು ಸಣ್ಣ ಸಂಗತಿಯನ್ನು ಇಲ್ಲಿ ಹೇಳಬೇಕಾಗಿದೆ. ಆ ವರ್ಷ ಹೊಸದಾಗಿ ಬಂದಿದ್ದ ಒಬ್ಬ ಹುಡುಗ ಲೋಟವನ್ನು ಮುಂದೆ ಹಿಡಿದು, 'ಬಟ್ರೇ, ಒಸಿ ಆಲು ಆಕಿ' ಎಂದು ಕೇಳಿದನು. ಪಂಕ್ತಿಯ ಆ ತುದಿಯಲ್ಲಿ ಯಾರೋ ಅದನ್ನು ಅದೇ ಧಾಟಿಯಲ್ಲಿ ಅಣಕಿಸಿದರು. ನಗು ಎಲೆಯಿಂದ ಎಲೆಗೆ ಹರಿದು ನಮ್ಮ ಎಲೆಯವರೆಗೂ ಬಂದಿತು. ನಾವೂ ನಕ್ಕೆವು. 'ಒಸಿ' ಎಂಬುದು ನಮ್ಮ ತಾಯಿಯ ಬಾಯಿಯ ಮಾತು. 'ಆಲು' ಎಂಬುದು ನಾವು ತೊಟ್ಟಿಲಲ್ಲಿ ಕೇಳಿದ ಮಾತು. ಇಷ್ಟನ್ನೂ ತಿಳಿದೇ ನಕ್ಕೆವು. ಅಷ್ಟೇ ಅಲ್ಲ, ನಮ್ಮ ಗುಟ್ಟು ಬಯಲಾದೀತೆಂಬ ಭಯದಿಂದ ಉಳಿದವರಿಗಿಂತ ಒಂದು ಗಳಿಗೆ ಹೆಚ್ಚಾಗಿಯೇ ನಕ್ಕೆವು. ಆ ಹುಡುಗ ಮರುದಿನದಿಂದ ಬಡಿಸುವವರ ಮುಂದೆ ಲೋಟವನ್ನು ಹಿಡಿಯುತ್ತಿದ್ದನೇ ಹೊರತು ಬಾಯಿಬಿಟ್ಟು ಏನನ್ನೂ ಕೇಳುತ್ತಿರಲಿಲ್ಲ. ಆ ವರ್ಷವೆಲ್ಲ ಹಾಗೆಯೇ ಕಳೆಯಿತು.

ಮನುಷ್ಯನು ತನ್ನ ಕಣ್ಣು ಕಂಡುದನ್ನೂ ಕಿವಿ ಕೇಳಿದುದನ್ನೂ ಬಿಟ್ಟು ಗುಂಪಿನೊಡನೆ ದನಿಗೂಡಿಸುವುದೇಕೆ? ಈ ಪ್ರಶ್ನೆಯನ್ನು ಮನಶ್ಶಾಸ್ತ್ರಜ್ಞರು ಪ್ರಯೋಗಶಾಲೆಯಲ್ಲಿಯೂ ಪರೀಕ್ಷಿಸಿದ್ದಾರೆ. ಮೈಸೂರಿನಲ್ಲಿ 1935ರಲ್ಲಿ 'ಆಕಾಶವಾಣಿ'ಯನ್ನು ಸ್ಥಾಪಿಸಿದ ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರು ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದರೆಂಬುದನ್ನು ನೆನೆದರೆ, ಬಾನುಲಿಯ ಭಾಷಣದಲ್ಲಿ ಆ ಶಾಸ್ತ್ರದ ಮಾತು ಬರುವುದು ಅನುಚಿತವಾಗಲಾರದು. ಅಮೆರಿಕದ ಸಾಲೊಮನ್ ಆಶ್ ಎಂಬ ವಿದ್ವಾಂಸರು 1951ರಲ್ಲಿ ಪ್ರಕಟಿಸಿದ ಪ್ರಯೋಗ ಬಹಳ ಸರಳವಾದುದು. ಒಂದು ಕಾಗದದ ಮೇಲೆ ಒಂದು ಗೆರೆ, ಮತ್ತೊಂದರ ಮೇಲೆ ಮೂರು ಗೆರೆ. ಮೂರರಲ್ಲಿ ಯಾವುದು ಮೊದಲಿನದಕ್ಕೆ ಸಮನೆಂದು ಹೇಳಬೇಕು. ಒಬ್ಬನೇ ಕುಳಿತು ಹೇಳುವಾಗ ತಪ್ಪುವವರು ಇಲ್ಲವೆನ್ನುವಷ್ಟು ಕಡಮೆ. ಆದರೆ ಕೊಠಡಿಯಲ್ಲಿ ಉಳಿದವರೆಲ್ಲರೂ, ಮೊದಲೇ ಮಾಡಿಕೊಂಡ ಏರ್ಪಾಡಿನಂತೆ, ಒಂದೇ ತಪ್ಪು ಉತ್ತರವನ್ನು ಹೇಳಿದಾಗ, ಪರೀಕ್ಷೆಗೆ ಗುರಿಯಾದ ಕಾಲೇಜು ವಿದ್ಯಾರ್ಥಿಗಳ ಉತ್ತರಗಳಲ್ಲಿ ಸುಮಾರು ಮೂರರಲ್ಲೊಂದು ಪಾಲು ಗುಂಪಿನ ತಪ್ಪನ್ನೇ ಅನುಸರಿಸಿದವು. ನಾಲ್ವರಲ್ಲಿ ಸುಮಾರು ಮೂವರು ಒಮ್ಮೆಯಾದರೂ ಹಾಗೆ ತಲೆಬಾಗಿದರು. ಇದು ನಮಗೆ ಸ್ವಲ್ಪ ಸಮಾಧಾನವನ್ನುಂಟುಮಾಡುವ ಸಂಗತಿ. ಆದರೆ ಅದೇ ಪ್ರಯೋಗದ ಇನ್ನೊಂದು ಫಲಿತಾಂಶ ಸಮಾಧಾನವನ್ನು ಕೊಡುವುದಿಲ್ಲ. ಗುಂಪಿನಲ್ಲಿ ಬೇರೆ ಯಾರಾದರೂ ಒಬ್ಬನು, ಒಬ್ಬನೇ ಒಬ್ಬನು, ನಿಜವಾದ ಉತ್ತರವನ್ನು ಹೇಳಿದರೆ ಸಾಕು, ತಲೆಬಾಗುವವರ ಸಂಖ್ಯೆ ಬಹುವಾಗಿ ಇಳಿದುಹೋಗುತ್ತದೆ. ಅಂದರೆ ಆ ರಾತ್ರಿ ಊಟದ ಪಂಕ್ತಿಯಲ್ಲಿ ಬೇಕಾಗಿದ್ದುದು ವೀರರ ಸೈನ್ಯವಲ್ಲ. ನಗದೆ ಕುಳಿತ ಒಂದು ಮುಖ. ಆ ಮುಖ ನಮ್ಮದಾಗಬಹುದಾಗಿತ್ತು.

ಎರಡನೆಯ ವರ್ಷದಲ್ಲಿ ನಮಗೆ ಈ ಅನುಕರಣೆ ಬೇಸರವಾಯಿತು. ಅದುವರೆಗೆ ಹೇಗೆ ಎಲ್ಲವನ್ನೂ ಒಪ್ಪಿಕೊಂಡಿದ್ದೆವೋ ಹಾಗೆಯೇ ಎಲ್ಲವನ್ನೂ ನಿರಾಕರಿಸಲು ತೊಡಗಿದೆವು. ತಲೆ ಬಾಚುವುದನ್ನು ಬಿಟ್ಟೆವು. ಹಬ್ಬಕ್ಕೆ ಊರಿಗೆ ಹೋಗುವುದು ಮೌಢ್ಯವೆಂದೆವು. ಹಿರಿಯರ ಪತ್ರಗಳಿಗೆ ಮೂರು ಸಾಲಿನಲ್ಲಿ ಉತ್ತರ ಬರೆದೆವು. ಸ್ವತಂತ್ರರಾದೆವೆಂದು ಹೆಮ್ಮೆಪಟ್ಟೆವು. ಆದರೆ ಒಂದು ಸಂಜೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಮ್ಮಂತೆಯೇ ಸ್ವತಂತ್ರರಾಗಿದ್ದ ಗೆಳೆಯರೊಡನೆ ಕುಳಿತಿದ್ದಾಗ ಕಣ್ಣಿಗೆ ಬಿದ್ದ ನೋಟ ನಮ್ಮನ್ನು ನಾಚಿಸಿತು. ಎಲ್ಲರ ತಲೆಯೂ ಒಂದೇ ರೀತಿಯಲ್ಲಿ ಕೆದರಿದ್ದಿತು. ಎಲ್ಲರ ಬಾಯಲ್ಲಿಯೂ ಒಂದೇ ತಿರಸ್ಕಾರದ ಮಾತಿದ್ದಿತು. ಮಂದೆಯನ್ನು ಬಿಟ್ಟೆವೆಂದುಕೊಂಡ ಕುರಿಗಳು ಮತ್ತೊಂದು ಮಂದೆಯಾಗಿದ್ದುವು. ಹೌದೆನ್ನುವುದರಲ್ಲಿ ಪರಾಧೀನತೆಯಿರುವಂತೆ ಅಲ್ಲವೆನ್ನುವುದರಲ್ಲಿಯೂ ಇರುವುದೆಂದು ನಮಗೆ ಹೊಳೆದುದು ಅಂದು.

ಈ ಎರಡು ಹಾದಿಗಳಲ್ಲಿಯೂ ನಮಗಿಂತ ಮೊದಲು ನಡೆದವರಿದ್ದಾರೆ. 1888ರಲ್ಲಿ ನ್ಯಾಯಶಾಸ್ತ್ರವನ್ನು ಕಲಿಯಲು ಲಂಡನ್ನಿಗೆ ಹೋದ ಗಾಂಧಿಯವರಿಗೆ ಆಗ ಹದಿನೆಂಟರ ಪ್ರಾಯ. ನಾಗರಿಕನೆನಿಸಿಕೊಳ್ಳುವ ಹಂಬಲದಿಂದ ಅವರು ಹತ್ತೊಂಬತ್ತು ಷಿಲಿಂಗಿನ ಎತ್ತರದ ಹ್ಯಾಟನ್ನು ಕೊಂಡರು; ಬಾಂಡ್ ಸ್ಟ್ರೀಟಿನಲ್ಲಿ ಹತ್ತು ಪೌಂಡು ತೆತ್ತು ಸಂಜೆಯ ಉಡುಪನ್ನು ಹೊಲಿಸಿದರು; ನರ್ತನಕ್ಕೂ ಪಿಟೀಲಿಗೂ ಹಣ ಸುರಿದರು; ದಿನವೂ ಹತ್ತು ನಿಮಿಷ ಕನ್ನಡಿಯ ಮುಂದೆ ನಿಂತು ಟೈಯನ್ನೂ ಕೂದಲನ್ನೂ ತಿದ್ದಿಕೊಂಡರು. ಈ ಮೋಹ ಸುಮಾರು ಮೂರು ತಿಂಗಳಿದ್ದಿತೆಂದು ತಮ್ಮ ಆತ್ಮಕಥೆಯಲ್ಲಿ ಅವರೇ ನಗುನಗುತ್ತ ಬರೆದುಕೊಂಡಿದ್ದಾರೆ. ಆದರೆ ಅದೇ ಗ್ರಂಥದಲ್ಲಿರುವ ಮತ್ತೊಂದು ಸಂಗತಿ ನಮಗೆ ಇದಕ್ಕಿಂತಲೂ ಮುಖ್ಯವಾಗಿ ತೋರುತ್ತದೆ. ಹೊರಡುವ ಮುನ್ನ ತಾಯಿಗೆ ಕೊಟ್ಟ ಮಾತಿಗೆ ಕಟ್ಟುಬಿದ್ದು ಅವರು ಮಾಂಸವನ್ನು ಮುಟ್ಟದಿದ್ದರು. ಅದು ಅಂದಿನವರೆಗೆ ಕೇವಲ ವ್ರತವಾಗಿದ್ದಿತು. ಲಂಡನ್ನಿನ ಸಸ್ಯಾಹಾರದ ಊಟದ ಮನೆಯಲ್ಲಿ ಕೊಂಡ, ಹೆನ್ರಿ ಸಾಲ್ಟ್ ಎಂಬವರ ಪುಸ್ತಕವನ್ನು ಓದಿದ ಮೇಲೆ, ತಾವು ಸ್ವಂತ ಇಚ್ಛೆಯಿಂದ ಸಸ್ಯಾಹಾರಿಯಾದುದಾಗಿ ಅವರು ಹೇಳಿಕೊಂಡಿದ್ದಾರೆ. ತಟ್ಟೆಯಲ್ಲಿದ್ದ ಅನ್ನ ಬದಲಾಗಲಿಲ್ಲ, ಉಣ್ಣುವವನು ಬದಲಾದನು. ತಾಯಿಯು ಕೊಟ್ಟುದನ್ನು ಮಗನು ಬಿಡಲಿಲ್ಲ. ಪರದೇಶದಲ್ಲಿ ಅದನ್ನು ಎರಡನೆಯ ಬಾರಿ, ತಾನಾಗಿ, ಸಂಪಾದಿಸಿಕೊಂಡನು.

ನಮ್ಮ ನಾಡಿನಲ್ಲಿಯೇ ಇದಕ್ಕೆ ಸರಿದೊರೆಯಾದ ನಿದರ್ಶನವಿದೆ. ಮಲೆನಾಡಿನ ಕುಪ್ಪಳಿಯಿಂದ ಓದಲು ಮೈಸೂರಿಗೆ ಬಂದ ಕುವೆಂಪು ಅವರು ಆ ಕಾಲದ ಜಾಣ ವಿದ್ಯಾರ್ಥಿಗಳಂತೆ ಇಂಗ್ಲಿಷಿನಲ್ಲಿ ಕವಿತೆ ಕಟ್ಟುತ್ತಿದ್ದರು. 'ಬಿಗಿನರ್ಸ್ ಮ್ಯೂಸ್' ಎಂಬ ಇಂಗ್ಲಿಷ್ ಕವಿತೆಗಳ ಸಣ್ಣ ಪುಸ್ತಕ 1922ರಲ್ಲಿ ಅಚ್ಚಾಗಿದ್ದಿತು. 1924ರಲ್ಲಿ ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರಿಗೆ ತಮ್ಮ ಪದ್ಯಗಳನ್ನು ತೋರಿಸಿದಾಗ, ತಾಯ್ನುಡಿಯಲ್ಲಿ ಬರೆಯಬೇಕೆಂದು ಆ ಹಿರಿಯರು ಹೇಳಿದರು. ಮುಂದಿನದು ಎಲ್ಲರೂ ಬಲ್ಲ ಚರಿತ್ರೆ. ಆದರೆ ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಕನ್ನಡಕ್ಕೆ ಮರಳಿದ ಕವಿ ಇಂಗ್ಲಿಷಿನಿಂದ ಕಲಿತುದನ್ನು ಬಾಗಿಲಲ್ಲಿಯೇ ಬಿಟ್ಟು ಬರಲಿಲ್ಲ; ಪ್ರಾಸದ ಕಟ್ಟಿಲ್ಲದೆ ಸಾಲಿನಿಂದ ಸಾಲಿಗೆ ಹರಿಯುವ ಪಶ್ಚಿಮದ ಛಂದಸ್ಸು ಅವರ ಕೈಯಲ್ಲಿ ಕನ್ನಡದ ರಗಳೆಯೊಡನೆ ಬೆರೆತು ಹೊಸ ನಡಿಗೆಯನ್ನು ಪಡೆಯಿತು. 1949ರಲ್ಲಿ ಮೊದಲು ಬೆಳಕು ಕಂಡ 'ಶ್ರೀ ರಾಮಾಯಣ ದರ್ಶನಂ' ಆ ಬೆರಕೆಯ ಫಲ. ಮನೆಗೆ ಮರಳುವುದೆಂದರೆ ಹೊರಟಾಗ ಇದ್ದಂತೆಯೇ ಮರಳುವುದೆಂದಲ್ಲ.

ಇವನ್ನೆಲ್ಲ ನಾವು ಪುಸ್ತಕಗಳಲ್ಲಿ ಓದಿ ತಲೆದೂಗಿದ್ದುದುಂಟು. ನಮ್ಮ ಸ್ವಂತ ಕಣ್ಣು ತೆರೆದುದು ಮಾತ್ರ ಹಳಗನ್ನಡದ ಒಂದು ಪಾಠದಲ್ಲಿ. ಅಧ್ಯಾಪಕರು ಕರಿಹಲಗೆಯ ಮೇಲೆ ಮೂರು ಪದಗಳನ್ನು ಬರೆದರು: ಪೂ, ಪುಲಿ, ಪಾಲ್. ಹತ್ತನೆಯ ಶತಮಾನದಲ್ಲಿ ಪಂಪನು ಬರೆದ ಕನ್ನಡದಲ್ಲಿ ಇವು ಹೀಗೆಯೇ ಇದ್ದುವು. ಇಂದಿಗೂ ತಮಿಳಿನಲ್ಲಿ ಪುಲಿಯು ಪುಲಿಯೇ, ಪಾಲು ಪಾಲೇ. ಕಾಲಕ್ರಮದಲ್ಲಿ ಕನ್ನಡದ ಮೊದಲಕ್ಷರದ ಪಕಾರವು ಸಡಿಲಿ ಹಕಾರವಾಯಿತು. ಹೂ, ಹುಲಿ, ಹಾಲು ಹುಟ್ಟಿದವು. ಅಧ್ಯಾಪಕರು ಇಷ್ಟಕ್ಕೇ ನಿಲ್ಲಲಿಲ್ಲ. ಹಾಲು ಎಂಬುದರ ಮುಂದೆ ಮತ್ತೊಂದು ಪದವನ್ನು ಬರೆದರು: ಆಲು. 'ಸಡಿಲುವ ಕೆಲಸ ಹಳ್ಳಿಗಳಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿದೆ, ಅಷ್ಟೆ' ಎಂದರು.

ತರಗತಿಯಲ್ಲಿ ಯಾರೂ ನಗಲಿಲ್ಲ. ನಮಗೆ ಮಾತ್ರ ಆ ಊಟದ ಪಂಕ್ತಿಯೂ ಆ ಲೋಟವೂ ಕಣ್ಣಿಗೆ ಕಟ್ಟಿದವು. ಯಾವ ಹಕಾರವು ಬಾರದುದಕ್ಕಾಗಿ ಒಬ್ಬನು ವರ್ಷವೆಲ್ಲ ಬಾಯಿ ಮುಚ್ಚಿದ್ದನೋ, ಆ ಹಕಾರವೇ ಒಂದು ಕಾಲದಲ್ಲಿ ಪಕಾರವನ್ನು ಸಡಿಲಿಸಿ ನುಡಿದವರ ಬಾಯಲ್ಲಿ ಹುಟ್ಟಿದುದು. ಪಂಪನ ಕಾಲದವನೊಬ್ಬನು ನಮ್ಮ ಪಂಕ್ತಿಯಲ್ಲಿ ಕುಳಿತಿದ್ದರೆ 'ಹಾಲು' ಎಂದ ನಮ್ಮನ್ನೆಲ್ಲ ನೋಡಿ ನಗಬಹುದಾಗಿತ್ತು! ನಾವು ಶುದ್ಧವೆಂದು ಭಾವಿಸಿ ಬಲು ಪ್ರಯಾಸದಿಂದ ರೂಢಿಸಿಕೊಂಡುದು ಹಳೆಯದೊಂದು ಬದಲಾವಣೆ; ಅಶುದ್ಧವೆಂದು ಬಚ್ಚಿಟ್ಟುದು ಹೊಸದೊಂದು ಬದಲಾವಣೆ. ನಡುವೆ ಇದ್ದ ವ್ಯತ್ಯಾಸವೆಂದರೆ ಅದನ್ನು ಎಷ್ಟು ಜನ ಒಪ್ಪಿಕೊಂಡಿದ್ದಾರೆ ಎಂಬುದು ಮಾತ್ರ. ಕಳೆದ ಯುಗಾದಿಯಲ್ಲಿ ನಾವು ಊರಿಗೆ ಹೋಗಿದ್ದಾಗ ತಾಯಿಯ ಮಾತನ್ನು ತಿದ್ದಿದ್ದುದೂ ನೆನಪಿಗೆ ಬಂದಿತು. 'ನಂಗೇನ್ ಗೊತ್ತಪ್ಪ, ಓದ್ದೋನು ನೀನು' ಎಂದು ಅವರು ನಕ್ಕಿದ್ದರು. ಅಂದಿನಿಂದ ನಮ್ಮ ಎದುರಿನಲ್ಲಿ ಅವರ ಮಾತು ಸ್ವಲ್ಪ ಕಡಮೆಯಾಗಿದ್ದುದನ್ನು ನಾವು ಗಮನಿಸಿಯೂ ಗಮನಿಸದಂತಿದ್ದೆವು.

ಅಂದು ಸಂಜೆ ಆ ಗೆಳೆಯನ ಕೊಠಡಿಗೆ ಹೋದೆವು. ಎರಡು ವರ್ಷದ ಹಿಂದಿನ ನಗುವಿಗೆ ಕ್ಷಮೆ ಕೇಳುವುದು ಸುಲಭವಲ್ಲ. ಪಾಲ್, ಹಾಲು, ಆಲು ಎಂಬ ಪಾಠವನ್ನೇ ಒಪ್ಪಿಸಿ ಕಡೆಗೆ ವಿಷಯಕ್ಕೆ ಬಂದೆವು. ಅವನು ಎಲ್ಲವನ್ನೂ ಕೇಳಿ, 'ನೀ ನಕ್ಕಿದ್ದು ಕಂಡಿದ್ದೆ ಕಣಪ್ಪ. ನೀನೂ ನಮ್ ಕಡೆಯೋನೇ ಅಂತ್ಲೂ ಗೊತ್ತಿತ್ತು' ಎಂದನು. ಸ್ವಲ್ಪ ಹೊತ್ತು ಸುಮ್ಮನಿದ್ದು, 'ಅವರು ನಕ್ಕಿದ್ದು ಮರ್ತೋಯ್ತು' ಎಂದು ಸೇರಿಸಿದನು. ವಾಕ್ಯದ ಉಳಿದ ಭಾಗವನ್ನು ಅವನು ಹೇಳಲಿಲ್ಲ. ನಾವು ಬಹಳ ಜಾಣತನದಿಂದ ಬಚ್ಚಿಟ್ಟಿದ್ದೆವೆಂದುಕೊಂಡ ಗುಟ್ಟು, ಯಾರಿಂದ ಬಚ್ಚಿಡಬೇಕಾಗಿರಲಿಲ್ಲವೋ ಅವನಿಗೇ ಮೊದಲ ದಿನವೇ ತಿಳಿದಿದ್ದಿತು.

ಶ್ರೋತೃಗಳೆ, ಈಗ ನಾವು ತರಗತಿಯಲ್ಲಿ 'ಹಾಲು' ಎನ್ನುತ್ತೇವೆ, ಊರಿನಲ್ಲಿ 'ಆಲು' ಎನ್ನುತ್ತೇವೆ. ಎರಡೂ ನಮ್ಮವೇ, ಯಾವುದನ್ನೂ ಬಚ್ಚಿಡುವುದಿಲ್ಲ. ಬಾಚಣಿಗೆಯೂ ಮರಳಿ ಬಂದಿದೆ. ತನ್ನನ್ನು ತಾನು ಅರಿಯುವುದೆಂದರೆ ಎಲ್ಲರಿಂದ ಬೇರೆಯಾಗಿ ನಿಲ್ಲುವುದೆಂದು ನಾವು ಮೊದಲು ತಿಳಿದಿದ್ದೆವು. ಈಗ ನಮಗೆ ಹಾಗೆ ತೋರುವುದಿಲ್ಲ. ಪಡೆದುದನ್ನು ಪರೀಕ್ಷಿಸಿ, ನಾಚದೆ ತನ್ನದೆಂದು ಒಪ್ಪಿಕೊಳ್ಳುವುದು, ಹೊರಗಿನಿಂದ ಬಂದುದನ್ನು ಅಷ್ಟೇ ನಿಸ್ಸಂಕೋಚವಾಗಿ ಸ್ವೀಕರಿಸುವುದು, ಇವೆರಡೂ ಕೂಡಿದಲ್ಲಿ ಅದರ ಆರಂಭವಿರುವಂತೆ ಕಾಣುತ್ತದೆ.

ಹಿರಿಯರ ಮಾತನ್ನು ನಾವು ತಳ್ಳಿಹಾಕುವುದಿಲ್ಲ. ಬರುವ ವರ್ಷ ನಮ್ಮ ಊರಿನಿಂದ ಇನ್ನೊಬ್ಬ ಹುಡುಗ ಪೆಟ್ಟಿಗೆಯನ್ನು ಹೊತ್ತು ಪಟ್ಟಣಕ್ಕೆ ಹೊರಟರೆ ನಾವೂ ಅವನಿಗೆ 'ನಾಲ್ಕು ಜನರ ಹಾಗೆ ಇರಪ್ಪ' ಎಂದೇ ಹೇಳುತ್ತೇವೆ. ಆದರೆ ಇನ್ನೊಂದು ಮಾತನ್ನೂ ಕೂಡಿಸುತ್ತೇವೆ: 'ಆ ನಾಲ್ವರು ನಗುತ್ತಿರುವಾಗ ಲೋಟ ಹಿಡಿದು ಸುಮ್ಮನೆ ಕುಳಿತ ಐದನೆಯವನು ಕಣ್ಣಿಗೆ ಬಿದ್ದರೆ, ಹೋಗಿ ಅವನ ಪಕ್ಕದಲ್ಲಿ ಕುಳಿತುಕೊ.'