ಬಯೋವೇರ್ ಎಂಬ ಕಥನಶಾಲೆ

(ಸಂಘದ ವಿಚಾರ ವೇದಿಕೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಸಾಹಿತ್ಯ, ರಂಗಭೂಮಿ, ಗಡಿಸಮಸ್ಯೆಗಳ ಚರ್ಚೆಗೆ ಒಗ್ಗಿದ ಈ ವೇದಿಕೆಯಲ್ಲಿ ವಿಡಿಯೋ ಆಟಗಳ ವಿಚಾರವೆತ್ತುವುದು ಕೆಲವರಿಗೆ ಲಘುವೆನಿಸಬಹುದು. ಆದರೆ ಹೊರನಾಡಿನಲ್ಲಿ ಬೆಳೆದ ನಮ್ಮ ಅನೇಕ ಮಕ್ಕಳು ದೀರ್ಘಕಥನದ ರುಚಿಯನ್ನು ಮೊದಲು ಕಂಡದ್ದು ಕಾದಂಬರಿಯಲ್ಲಲ್ಲ, ಇಂಥ ಆಟಗಳಲ್ಲಿ. ಅವುಗಳನ್ನು ರಚಿಸುವವರ ಮೇಲೆ ಒಡೆತನ ಯಾರದು ಎಂಬ ಪ್ರಶ್ನೆ ಆದ್ದರಿಂದ ಸಂಸ್ಕೃತಿಯ ಪ್ರಶ್ನೆಯೇ ಹೌದು.

ಕೆನಡಾದ ಎಡ್ಮಂಟನ್ ನಗರದಲ್ಲಿ 1995ರಲ್ಲಿ ರೇ ಮುಜೀಕಾ, ಗ್ರೆಗ್ ಝೆಸ್ಚುಕ್, ಆಗಸ್ಟೀನ್ ಯಿಪ್ ಎಂಬ ಮೂವರು ವೈದ್ಯರು ಸೇರಿ ಬಯೋವೇರ್ ಸಂಸ್ಥೆಯನ್ನು ಕಟ್ಟಿದರು. ವೈದ್ಯರು ಆಟದಂಗಡಿ ತೆರೆದದ್ದು ವಿಚಿತ್ರವೇ ಸರಿ! 1998ರ ‘ಬಾಲ್ಡರ್ಸ್ ಗೇಟ್’ ಅವರಿಗೆ ಹೆಸರು ತಂದಿತು. ಅದರಲ್ಲಿ ನಾಯಕನೊಡನೆ ಸಾಗುವ ಸಂಗಾತಿಗಳು ಬರಿಯ ಗೊಂಬೆಗಳಲ್ಲ. ಆತನ ನಡತೆ ಸಹಿಸಲಾಗದಿದ್ದರೆ ತಂಡವನ್ನೇ ತೊರೆದು ಹೊರಟುಬಿಡುವವರು. 2007ರಲ್ಲಿ ಆರಂಭವಾದ ‘ಮಾಸ್ ಎಫೆಕ್ಟ್’ ಸರಣಿಯಲ್ಲಿ ಈ ಕಲೆ ಇನ್ನೂ ಮುಂದೆ ಹೋಯಿತು. ಮೊದಲ ಭಾಗದಲ್ಲಿ ಆಟಗಾರ ಕೈಗೊಂಡ ನಿರ್ಧಾರದ ಫಲ ಐದು ವರ್ಷಗಳ ನಂತರ ಬಂದ ಮೂರನೆಯ ಭಾಗದಲ್ಲಿ ಎದುರಾಗುತ್ತಿತ್ತು. ಕರ್ಮಸಿದ್ಧಾಂತವನ್ನು ಕೇಳಿ ಬೆಳೆದ ನಮಗೆ ಇದರ ಸೊಗಸನ್ನು ವಿವರಿಸಬೇಕಾಗಿಲ್ಲ.

ಎಲೆಕ್ಟ್ರಾನಿಕ್ ಆರ್ಟ್ಸ್ ಎಂಬ ಅಮೆರಿಕದ ಬೃಹತ್ ಸಂಸ್ಥೆ 2007ರ ಅಕ್ಟೋಬರಿನಲ್ಲಿ ಬಯೋವೇರನ್ನೂ ಪ್ಯಾಂಡೆಮಿಕ್ ಎಂಬ ಇನ್ನೊಂದು ಸ್ಟುಡಿಯೋವನ್ನೂ ಒಟ್ಟಾಗಿ ಕೊಳ್ಳುವುದಾಗಿ ಪ್ರಕಟಿಸಿತು. ಬೆಲೆ ಸುಮಾರು 86 ಕೋಟಿ ಡಾಲರ್. ಕೊಂಡ ದಿನವೇ ಕೇಡು ಆರಂಭವಾಯಿತೆಂದು ಅಭಿಮಾನಿಗಳು ಹೇಳುವುದುಂಟು. ಅದನ್ನು ನಾನು ಒಪ್ಪಲಾರೆ. 2009ರ ‘ಡ್ರ್ಯಾಗನ್ ಏಜ್: ಆರಿಜಿನ್ಸ್’, 2010ರ ‘ಮಾಸ್ ಎಫೆಕ್ಟ್ 2’ ಎರಡೂ ಹೊರಬಂದದ್ದು ಹೊಸ ಒಡೆತನದಲ್ಲಿಯೇ. ಬದಲಾವಣೆ ನಿಧಾನವಾಗಿ ಬಂದಿತು. 2011ರ ‘ಡ್ರ್ಯಾಗನ್ ಏಜ್ 2’ ಅವಸರದ ಅಡುಗೆಯಾಯಿತು. ಅವವೇ ಗುಹೆಗಳು, ಅವವೇ ಬೀದಿಗಳು ಮತ್ತೆ ಮತ್ತೆ ಎದುರಾದವು. 2012ರ ಸೆಪ್ಟೆಂಬರಿನಲ್ಲಿ ಮುಜೀಕಾ, ಝೆಸ್ಚುಕ್ ಇಬ್ಬರೂ ನಿವೃತ್ತರಾದರು.

ಇನ್ನು ಉಪಕರಣದ ಸಂಗತಿ. ಸ್ವೀಡನ್ನಿನ ಸೋದರ ಸ್ಟುಡಿಯೋ ಯುದ್ಧದ ಆಟಗಳಿಗೆಂದು ರೂಪಿಸಿದ್ದ ‘ಫ್ರಾಸ್ಟ್‌ಬೈಟ್’ ಎಂಬ ಎಂಜಿನ್ನನ್ನು ಬಯೋವೇರ್ ಬಳಸತೊಡಗಿತು. ಕಥಾಪ್ರಧಾನ ಆಟಕ್ಕೆ ಬೇಕಾದ ಸಾಮಾನ್ಯ ಸೌಕರ್ಯಗಳೂ, ಪಾತ್ರದ ಬಳಿಯಿರುವ ವಸ್ತುಗಳ ಲೆಕ್ಕವಿಡುವಂಥವು ಸಹ, ಅದರಲ್ಲಿರಲಿಲ್ಲ. ಅಕ್ಕಸಾಲಿಗನ ಕೈಗೆ ಕಮ್ಮಾರನ ಸುತ್ತಿಗೆ ಕೊಟ್ಟಂತಾಯಿತು. ಆದರೂ 2014ರ ‘ಇನ್‌ಕ್ವಿಸಿಷನ್’ ವರ್ಷದ ಆಟವೆಂಬ ಪ್ರಶಸ್ತಿ ಪಡೆಯಿತು. ಆ ಗೆಲುವು ಒಳಗಿನ ಬಳಲಿಕೆಯನ್ನು ಮುಚ್ಚಿಹಾಕಿತೆಂದು ನನಗನ್ನಿಸುತ್ತದೆ. ಕೊನೆಯ ತಿಂಗಳುಗಳಲ್ಲಿ ಹೇಗೋ ಎಲ್ಲ ಕೂಡಿಬರುತ್ತದೆಂಬ ನಂಬಿಕೆಗೆ ಅಲ್ಲಿಯವರು ‘ಬಯೋವೇರ್ ಮ್ಯಾಜಿಕ್’ ಎಂದು ಹೆಸರಿಟ್ಟಿದ್ದರು ಎಂಬುದನ್ನು ಪತ್ರಕರ್ತ ಜೇಸನ್ ಶ್ರೈಯರ್ 2019ರಲ್ಲಿ ಬಯಲಿಗಿಟ್ಟರು. ಅದೇ ವರ್ಷ ಬಂದ ‘ಆಂಥೆಮ್’ನಲ್ಲಿ ಆ ಮಾಯೆ ಕೈಕೊಟ್ಟಿತು. ಹಲವರು ಒಟ್ಟಾಗಿ ಅಂತರ್ಜಾಲದಲ್ಲಿ ಹಾರಾಡಿ ಗುಂಡು ಹಾರಿಸುವ ಆಟವದು. ಸಂಸ್ಥೆಯ ಬಲವಾಗಿದ್ದ ಕಥನಕ್ಕೆ ಅದರಲ್ಲಿ ಎಡೆ ಕಡಿಮೆ. ಅದನ್ನು ದುರಸ್ತಿಮಾಡುವ ಯೋಜನೆಯನ್ನೂ 2021ರಲ್ಲಿ ಕೈಬಿಡಲಾಯಿತು.

ಮೂರು ದಶಕ ಸರಕಾರಿ ಕಡತಗಳ ನಡುವೆ ಕಳೆದ ನನಗೆ ಇದರಲ್ಲಿ ಅಪರಿಚಿತವಾದುದೇನೂ ಕಾಣದು. ನಿಯಮಾವಳಿಯಲ್ಲಿ ಬರೆಯದೆ ಹಿರಿಯರಿಂದ ಕಿರಿಯರಿಗೆ ದಾಟುವ ತಿಳಿವಳಿಕೆಯೊಂದು ಪ್ರತಿ ಕಚೇರಿಯಲ್ಲೂ ಇರುತ್ತದೆ. ಆ ಹಿರಿಯರು ಹೊರಟಾಗ ನಾಮಫಲಕ ಅಲುಗುವುದಿಲ್ಲ. ಕಾಗದ ಓಡಾಡುತ್ತಲೇ ಇರುತ್ತದೆ. 2023ರ ಆಗಸ್ಟಿನಲ್ಲಿ ಬಯೋವೇರ್ ಸುಮಾರು 50 ಮಂದಿಯನ್ನು ಕೆಲಸದಿಂದ ತೆಗೆಯಿತು. ದೀರ್ಘಕಾಲ ದುಡಿದ ಬರಹಗಾರರೂ ಅವರಲ್ಲಿದ್ದರು. ಪಾತ್ರಗಳ ಧ್ವನಿಯನ್ನು ಬಲ್ಲವರನ್ನು ವೆಚ್ಚವೆಂದು ಎಣಿಸಿದ ಮೇಲೆ ಉಳಿದ ಆಸ್ತಿ ಯಾವುದು?

2024ರ ಅಕ್ಟೋಬರಿನಲ್ಲಿ ‘ದಿ ವೇಲ್‌ಗಾರ್ಡ್’ ಬಂತು. ಒಬ್ಬನೇ ಆಡುವ ಕಥೆಯಾಗಿ ಮೊದಲಾಗಿ, ನಡುವೆ ಬಹುಜನರ ಆಟವಾಗಿ ತಿರುಗಿ, ಮತ್ತೆ ಹಿಂದಕ್ಕೆ ಹೊರಳಿದ ಕೃತಿ. ಆ ತ್ರೈಮಾಸಿಕದಲ್ಲಿ ಸುಮಾರು 15 ಲಕ್ಷ ಜನ ಆಡಿದರು, ಇದು ನಿರೀಕ್ಷೆಯ ಅರ್ಧದಷ್ಟು ಎಂದು ಒಡೆಯರು ಪ್ರಕಟಿಸಿದರು. ಆಟಗಾರರು ಹಂಚಿಕೊಂಡು ಆಡುವ ಲೋಕಗಳನ್ನು ಬಯಸುತ್ತಿದ್ದಾರೆಂಬ ವಿವರಣೆಯೂ ಮೇಲಿನಿಂದ ಬಂತು. ವಿಪರ್ಯಾಸವೆಂದರೆ, ಬೆಲ್ಜಿಯಮ್ಮಿನ ಲಾರಿಯನ್ ಎಂಬ ಸಂಸ್ಥೆ 2023ರಲ್ಲಿ ‘ಬಾಲ್ಡರ್ಸ್ ಗೇಟ್ 3’ ಹೊರತಂದು ಸಂಗಾತಿಗಳು, ಆಯ್ಕೆಗಳು, ಮಾತು ಎಂಬ ಅದೇ ಹಳೆಯ ದಾರಿಯಲ್ಲಿ ಜಗತ್ತನ್ನೇ ಗೆದ್ದಿತ್ತು. ಅದನ್ನು ಸ್ಥಾಪಿಸಿದವರೇ ಅದನ್ನು ನಡೆಸುತ್ತಿದ್ದಾರೆ.

ಬಯೋವೇರಿನಲ್ಲಿ 2025ರ ಆರಂಭಕ್ಕೆ ಉಳಿದವರು ನೂರಕ್ಕಿಂತ ಕಡಿಮೆ ಎಂದು ವರದಿಯಾಯಿತು. ಅವರ ಮುಂದಿರುವುದು ಹೊಸದೊಂದು ‘ಮಾಸ್ ಎಫೆಕ್ಟ್’. ಮೂಲ ಸರಣಿಯಲ್ಲಿ ದುಡಿದ ಕೆಲವರು ಇನ್ನೂ ಅಲ್ಲಿದ್ದಾರೆ. ಈ ನಡುವೆ ಎಲೆಕ್ಟ್ರಾನಿಕ್ ಆರ್ಟ್ಸನ್ನೇ 5,500 ಕೋಟಿ ಡಾಲರಿಗೆ ಸೌದಿ ಅರೇಬಿಯದ ಸಾರ್ವಜನಿಕ ಹೂಡಿಕೆ ನಿಧಿ ಮತ್ತು ಅದರ ಪಾಲುದಾರರಿಗೆ ಮಾರುವ ಒಪ್ಪಂದ 2025ರ ಸೆಪ್ಟೆಂಬರಿನಲ್ಲಿ ಪ್ರಕಟವಾಯಿತು. ಅದರಲ್ಲಿ 2,000 ಕೋಟಿ ಸಾಲದ ಹಣ. ಆ ಸಾಲದ ಬಡ್ಡಿ ತೀರಿಸಬೇಕಾದವರು, ಕಥೆಯೊಂದು ಹದಕ್ಕೆ ಬರುವವರೆಗೆ ಆ ನೂರು ಮಂದಿಗೆ ಎಷ್ಟು ವರ್ಷ ಕಾಲಾವಕಾಶ ಕೊಟ್ಟಾರು?